ಚಾಕು ಹೇಗೆ ಕತ್ತರಿಸುತ್ತದೆ, ಯಾಕೆ ಮೊಂಡಾಗುತ್ತದೆ?

ಅಡುಗೆಮನೆಗೆ ಒಂದು ಒಳ್ಳೆಯ ಚಾಕು ಬೇಕು ಅಂತ ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಅಂಕಿಗಳ ಮಳೆಯೇ ಸುರಿಯುತ್ತದೆ. ಎಚ್‌ಆರ್‌ಸಿ 58. ಎರಡೂ ಕಡೆ 15 ಡಿಗ್ರಿ. ಹೈ ಕಾರ್ಬನ್ ಸ್ಟೇನ್‌ಲೆಸ್. ಡಮಾಸ್ಕಸ್, 67 ಪದರ. ಕೆಳಗೆ ಕೊಂಡವರ ಅಭಿಪ್ರಾಯ ಓದಿದರೆ ಗೊಂದಲ ಇನ್ನೂ ಜಾಸ್ತಿ. ಒಬ್ಬರಿಗೆ ಅದು ಬೆಣ್ಣೆಯಂತೆ ಕತ್ತರಿಸುತ್ತದೆ, ಇನ್ನೊಬ್ಬರಿಗೆ ತಿಂಗಳೊಳಗೇ ಮೊಂಡು. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು, ಅದೂ ಒಂದೇ ಚಾಕುವಿನ ಬಗ್ಗೆ.

ಅದು ಹೇಗೆ ಅಂತ ತಿಳಿಯಲು ಅಂಕಿಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಚಾಕುವಿನಲ್ಲಿ ನಿಜವಾಗಿ ಕೆಲಸ ಮಾಡುವುದು ಅದರ ಅಂಚು, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಜಾಗ. ಉಳಿದದ್ದೆಲ್ಲ ಆ ಅಂಚನ್ನು ಹಿಡಿದು ನಿಲ್ಲಿಸುವುದಕ್ಕೆ ಇರುವ ಏರ್ಪಾಡು.

## ಮೊದಲು ಭಾಗಗಳ ಹೆಸರು

ಲೋಹದ ಉದ್ದ ಭಾಗ ಅಲಗು. ಕತ್ತರಿಸುವ ಕಡೆ ಅಂಚು, ಅದರ ಎದುರಿನ ದಪ್ಪ ಕಡೆ ಬೆನ್ನು, ಮುಂದಿನ ಚೂಪು ತುದಿ ಮೊನೆ. ಕೈಯಲ್ಲಿ ಹಿಡಿಯುವುದು ಹಿಡಿ. ಅಲಗಿನ ಲೋಹ ಹಿಡಿಯೊಳಗೂ ಹೋಗಿರುತ್ತದೆ. ಅದು ಹಿಡಿಯ ಕೊನೆಯವರೆಗೂ ಇದ್ದರೆ ಜಾಹೀರಾತಿನಲ್ಲಿ 'ಫುಲ್ ಟ್ಯಾಂಗ್' ಅಂತ ಬರೆಯುತ್ತಾರೆ. ಹಿಡಿ ಸಡಿಲವಾಗುವ ಸಾಧ್ಯತೆ ಕಡಿಮೆ ಅನ್ನುವುದಷ್ಟೇ ಅದರ ಲಾಭ. ಹರಿತಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಲಗನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಅಂಚಿನ ಉದ್ದಕ್ಕೂ ಒಂದು ಮಿಲಿಮೀಟರಿನಷ್ಟು ಅಗಲದ, ಬೇರೆ ಹೊಳಪಿನ ಪಟ್ಟಿ ಕಾಣುತ್ತದೆ. ಎರಡೂ ಕಡೆಯಿಂದ ಇಳಿಜಾರಾಗಿ ಉಜ್ಜಿದ ಜಾಗ ಅದು. ಆ ಎರಡು ಇಳಿಜಾರು ಸೇರುವ ಗೆರೆಯೇ ಅಂಚು. ಮುಂದೆ ಬರುವ ಮಾತೆಲ್ಲ ಈ ಪಟ್ಟಿಯ ಬಗ್ಗೆಯೇ.

## ಕತ್ತರಿಸುವುದು ಅಂದರೆ ಏನು?

ಕತ್ತರಿಸುವುದು ಅಂದರೆ ಒಂದು ವಸ್ತುವಿನ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬಂಧವನ್ನು ನಮಗೆ ಬೇಕಾದ ಒಂದೇ ಗೆರೆಯಲ್ಲಿ ಬಿಡಿಸುವುದು. ಅದಕ್ಕೆ ಒತ್ತಡ ಬೇಕು. ಒತ್ತಡ ಅಂದರೆ ಬರೀ ಬಲ ಅಲ್ಲ. ಬಲ ಎಷ್ಟು ಜಾಗದ ಮೇಲೆ ಬೀಳುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದೇ ಬಲ ಚಿಕ್ಕ ಜಾಗಕ್ಕೆ ಬಿದ್ದರೆ ಒತ್ತಡ ಜಾಸ್ತಿ.

ಒಂದು ಸಣ್ಣ ಲೆಕ್ಕ ಮಾಡೋಣ. ನೀವು ಚಾಕುವಿನ ಮೇಲೆ ಒಂದು ಕಿಲೋ ತೂಕದಷ್ಟು ಬಲ ಹಾಕಿದಿರಿ. ಅಂಚು 5 ಸೆಂಟಿಮೀಟರ್ ಉದ್ದಕ್ಕೆ ತಾಗಿದೆ. ಅಂಚಿನ ದಪ್ಪ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಆಗ ಬಲ ಬೀಳುವ ಜಾಗ 0.05 ಚದರ ಮಿಲಿಮೀಟರ್ ಮಾತ್ರ. ಒತ್ತಡ ಎಷ್ಟಾಯಿತು? ಒಂದು ಚದರ ಸೆಂಟಿಮೀಟರಿಗೆ 2,000 ಕಿಲೋ! ಅದೇ ಅಂಚು ಸವೆದು 20 ಮೈಕ್ರಾನ್ ದಪ್ಪ ಆಯಿತು ಅಂತಿಟ್ಟುಕೊಳ್ಳಿ. ಒತ್ತಡ 100 ಕಿಲೋಗೆ ಇಳಿಯುತ್ತದೆ. ಕೈ ಅದೇ, ಬಲ ಅದೇ, ಚಾಕುವೂ ಅದೇ. ಆದರೆ ಕತ್ತರಿಸುವ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲು.

ಇಲ್ಲಿ ಗಮನಿಸಬೇಕಾದದ್ದು ಅಳತೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಅಂಚು 20 ಮೈಕ್ರಾನ್ ದಪ್ಪವಾಗಿದ್ದರೂ ಅದು ಕೂದಲಿಗಿಂತ ತುಂಬಾ ತೆಳು. ಕಣ್ಣಿಗೆ ಅದು ಹರಿತವಾಗಿಯೇ ಕಾಣುತ್ತದೆ. ಹರಿತಕ್ಕೂ ಮೊಂಡಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಸಿಗದ ಅಳತೆಯಲ್ಲಿದೆ. ಅದಕ್ಕೇ ಚಾಕು ಯಾವಾಗ ಕೆಟ್ಟಿತು ಅಂತ ನಮಗೆ ಗೊತ್ತೇ ಆಗುವುದಿಲ್ಲ. ಕೈ ನಿಧಾನವಾಗಿ ಜಾಸ್ತಿ ಒತ್ತುವುದಕ್ಕೆ ಒಗ್ಗಿಕೊಂಡುಬಿಟ್ಟಿರುತ್ತದೆ.

## ಒತ್ತಿದರೆ ಜಜ್ಜುತ್ತದೆ, ಎಳೆದರೆ ಕತ್ತರಿಸುತ್ತದೆ

ಹಣ್ಣಾದ ಟೊಮೇಟೊ ಮೇಲೆ ಚಾಕು ಇಟ್ಟು ನೇರವಾಗಿ ಕೆಳಗೆ ಒತ್ತಿ. ಸಿಪ್ಪೆ ಒಳಕ್ಕೆ ತಗ್ಗುತ್ತದೆ, ಹಣ್ಣು ಚಪ್ಪಟೆಯಾಗುತ್ತದೆ, ಕೊನೆಗೆ ಪಟ್ಟನೆ ಒಡೆದು ರಸ ಚಿಮ್ಮುತ್ತದೆ. ಈಗ ಒತ್ತುವುದನ್ನು ಕಡಿಮೆ ಮಾಡಿ, ಚಾಕುವನ್ನು ಸುಮ್ನೆ ಹಿಂದಕ್ಕೆ ಎಳೆಯಿರಿ. ಸಿಪ್ಪೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಮೆತ್ತಗಿನ ವಸ್ತುವನ್ನು ಒತ್ತಿದಾಗ ಬಲದ ದೊಡ್ಡ ಪಾಲು ಅದರ ಆಕಾರ ಕೆಡಿಸುವುದಕ್ಕೇ ಖರ್ಚಾಗುತ್ತದೆ. ಬಂಧ ಬಿಡಿಸುವುದಕ್ಕೆ ಉಳಿಯುವುದು ಸ್ವಲ್ಪವೇ. ಅಂಚು ಪಕ್ಕಕ್ಕೆ ಸರಿದಾಗ ಅದು ಮೇಲ್ಮೈಯನ್ನು ತನ್ನ ಜೊತೆ ಎಳೆಯುತ್ತದೆ. ಆ ಸೆಳೆತದಲ್ಲಿ, ವಸ್ತು ಅಷ್ಟೇನೂ ತಗ್ಗದೆ, ಅಂಚಿನ ಕೆಳಗೆ ಬಿರುಕು ಶುರುವಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಎಲ್. ಮಹಾದೇವನ್ ಮತ್ತು ಅವರ ಜೊತೆಗಾರರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಮೆತ್ತಗಿನ ಜೆಲ್ ತುಂಡನ್ನು ತೆಳು ತಂತಿಯಿಂದ ಒಮ್ಮೆ ನೇರವಾಗಿ ಒತ್ತಿ, ಇನ್ನೊಮ್ಮೆ ಎಳೆದು ಕತ್ತರಿಸಿ ನೋಡಿದರು. ಎಳೆದಾಗ ಕೆಳಮುಖವಾಗಿ ಬೇಕಾದ ಬಲ ತುಂಬಾ ಕಡಿಮೆಯಾಯಿತು. ತಂತಿಗೆ ಹಲ್ಲೂ ಇಲ್ಲ, ಚೂಪು ಅಂಚೂ ಇಲ್ಲ ಅನ್ನುವುದನ್ನು ಮರೆಯಬೇಡಿ. ಬರೀ ಚಲನೆಯೇ ಅರ್ಧ ಕೆಲಸ ಮಾಡಿತು. ಹಾಳೆಯ ಅಂಚಿನಲ್ಲಿ ಬೆರಳು ಕೊಯ್ದುಕೊಳ್ಳುವುದೂ ಇದೇ ಲೆಕ್ಕ. ಹಾಳೆಯ ಮೇಲೆ ಬೆರಳು ಒತ್ತಿದರೆ ಏನೂ ಆಗುವುದಿಲ್ಲ, ಜಾರಿದರೆ ರಕ್ತ.

ನಿಜವಾದ ಚಾಕುವಿನಲ್ಲಿ ಇನ್ನೂ ಒಂದು ವಿಷಯ ಸೇರಿಕೊಳ್ಳುತ್ತದೆ. ಸಾಣೆ ಹಿಡಿದ ಅಂಚು ಸೂಕ್ಷ್ಮದರ್ಶಕದಲ್ಲಿ ನುಣುಪಾಗಿ ಕಾಣುವುದಿಲ್ಲ. ಕಲ್ಲಿನ ಹರಳುಗಳು ಉಜ್ಜಿದ ಗೀರುಗಳು ಅಂಚಿಗೆ ಬಂದು ಮುಗಿಯುವ ಕಡೆಯೆಲ್ಲ ಪುಟ್ಟ ಹಲ್ಲುಗಳು ಏಳುತ್ತವೆ. ಎಳೆದಾಗ ಇವು ಗರಗಸದ ಕೆಲಸ ಮಾಡುತ್ತವೆ. ಬ್ರೆಡ್ ಚಾಕುವಿನ ಅಂಕುಡೊಂಕು ಹಲ್ಲುಗಳು ಇದರದೇ ದೊಡ್ಡ ರೂಪ. ಗಟ್ಟಿ ಹೊರಪದರಕ್ಕೆ ಮೊದಲು ತಾಗುವುದು ಹಲ್ಲಿನ ತುದಿಗಳು ಮಾತ್ರ, ಹಾಗಾಗಿ ಒಳಗಿನ ಮೆತ್ತಗಿನ ಭಾಗ ಜಜ್ಜಿಹೋಗುವುದಿಲ್ಲ. ಹಲ್ಲುಗಳ ನಡುವಿನ ತಗ್ಗು ಜಾಗ ಹಲಗೆಗೆ ತಾಗುವುದೇ ಇಲ್ಲವಾದ್ದರಿಂದ ಅಂಥ ಚಾಕು ಬಹಳ ದಿನ ಬಾಳುತ್ತದೆ. ಆದರೆ ಮೊಂಡಾದ ಮೇಲೆ ಮನೆಯಲ್ಲಿ ಸಾಣೆ ಹಿಡಿಯುವುದು ಕಷ್ಟ.

ಈರುಳ್ಳಿ ಹೆಚ್ಚುವಾಗ ಕಣ್ಣೀರು ಬರುವುದರಲ್ಲೂ ಅಂಚಿನ ಪಾತ್ರವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ವೇಗದ ಕ್ಯಾಮೆರಾ ಇಟ್ಟು ಇದನ್ನು ನೋಡಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊಂಡು ಅಲಗು ಈರುಳ್ಳಿಯ ಪೊರೆಯನ್ನು ಕತ್ತರಿಸುವ ಮೊದಲು ಬಗ್ಗಿಸುತ್ತದೆ. ಒಳಗೆ ಒತ್ತಡ ಸೇರುತ್ತದೆ. ಪೊರೆ ಹರಿದ ಕೂಡಲೇ ರಸ ಸಣ್ಣ ಹನಿಗಳಾಗಿ ಜೋರಾಗಿ ಸಿಡಿಯುತ್ತದೆ. ಹರಿತವಾದ ಅಲಗಿನಲ್ಲಿ, ಅದರಲ್ಲೂ ನಿಧಾನವಾಗಿ ಹೆಚ್ಚಿದರೆ, ಹನಿಗಳೂ ಕಡಿಮೆ, ಅವುಗಳ ವೇಗವೂ ಕಡಿಮೆ.

## ಕಲ್ಲಿನಿಂದ ಲೋಹಕ್ಕೆ

ಚಾಕು ಮನುಷ್ಯನಿಗಿಂತ ಹಳೆಯದು. ಇದು ಉತ್ಪ್ರೇಕ್ಷೆ ಅಲ್ಲ. ಇಥಿಯೋಪಿಯಾದ ಗೋನಾದಲ್ಲಿ ಸಿಕ್ಕ ಕಲ್ಲಿನ ಚಕ್ಕೆಗಳು ಸುಮಾರು 26 ಲಕ್ಷ ವರ್ಷ ಹಳೆಯವು. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕವು ಸುಮಾರು 33 ಲಕ್ಷ ವರ್ಷದವು. ನಮ್ಮ ಪ್ರಭೇದದ ಮನುಷ್ಯರು, ಅಂದರೆ ಹೋಮೋ ಸೇಪಿಯನ್ಸ್, ಬಂದು ಸುಮಾರು ಮೂರು ಲಕ್ಷ ವರ್ಷ ಆಗಿದೆ, ಅಷ್ಟೇ. ಕಲ್ಲಿಗೆ ಕಲ್ಲು ಹೊಡೆದು ಚಕ್ಕೆ ಎಬ್ಬಿಸಿ, ಆ ಚಕ್ಕೆಯ ಅಂಚಿನಿಂದ ಕೊಯ್ಯುವುದನ್ನು ನಮಗಿಂತ ಮೊದಲಿನವರೇ ಕಲಿತಿದ್ದರು.

1991ರಲ್ಲಿ ಇಟಲಿ–ಆಸ್ಟ್ರಿಯಾ ಗಡಿಯ ಆಲ್ಪ್ಸ್ ಹಿಮದಲ್ಲಿ ಸುಮಾರು 5,300 ವರ್ಷ ಹಳೆಯ ಶವ ಸಿಕ್ಕಿತು. ಓಟ್ಸಿ ಅಂತ ಅವನನ್ನು ಕರೆಯುತ್ತಾರೆ. ಅವನ ಬಳಿ ಚಕಮಕಿ ಕಲ್ಲಿನ ಅಲಗು, ಮರದ ಹಿಡಿ ಇದ್ದ ಒಂದು ಚಾಕು ಇತ್ತು. ಜೊತೆಗೆ ಇನ್ನೊಂದು ವಸ್ತು: ಮರದ ಕಡ್ಡಿಗೆ ಜಿಂಕೆ ಕೊಂಬಿನ ಚೂರು ಸಿಕ್ಕಿಸಿದ ಪುಟ್ಟ ಸಾಧನ. ಮೊಂಡಾದ ಕಲ್ಲಿನ ಅಂಚಿನಿಂದ ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ ಮತ್ತೆ ಹರಿತ ಮಾಡಲು ಅದು. ಚಾಕುವಿನ ಜೊತೆ ಸಾಣೆಯನ್ನೂ ಹೊತ್ತು ತಿರುಗುತ್ತಿದ್ದ, ನಮ್ಮಲ್ಲಿ ಬಹಳ ಜನಕ್ಕಿಂತ ಜಾಣ.

ಕಲ್ಲಿನ ಅಂಚು ತುಂಬಾ ಹರಿತ, ಆದರೆ ಬೇಗ ಮುರಿಯುತ್ತದೆ. ಲೋಹ ಬಗ್ಗುತ್ತದೆ, ಮುರಿಯುವುದು ಕಡಿಮೆ, ಮತ್ತೆ ಉಜ್ಜಿ ಸರಿ ಮಾಡಬಹುದು. ತಾಮ್ರ, ಆಮೇಲೆ ಕಂಚು, ಆಮೇಲೆ ಕಬ್ಬಿಣ ಬಂದವು. ಕಬ್ಬಿಣದ ಅದಿರು ಕರಗಿಸುವುದು ಎಲ್ಲೆಡೆ ಹರಡುವ ಮೊದಲು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವನ್ನೂ ಬಡಿದು ಅಲಗು ಮಾಡುತ್ತಿದ್ದರು. ಈಜಿಪ್ಟಿನ ದೊರೆ ತುತಾಂಖಾಮುನ್ ಸಮಾಧಿಯಲ್ಲಿ ಸಿಕ್ಕ ಕಬ್ಬಿಣದ ಬಾಕು ಅಂಥದ್ದು. 2016ರ ಪರೀಕ್ಷೆಯಲ್ಲಿ ಅದರಲ್ಲಿ ಶೇ. 11ರಷ್ಟು ನಿಕ್ಕಲ್ ಇರುವುದು ಕಂಡಿತು. ಭೂಮಿಯ ಅದಿರಿನಿಂದ ಮಾಡಿದ ಹಳೆಯ ಕಬ್ಬಿಣದಲ್ಲಿ ಅಷ್ಟು ನಿಕ್ಕಲ್ ಇರುವುದಿಲ್ಲ.

## ಉಕ್ಕಿನೊಳಗಿನ ಚೌಕಾಸಿ

ಈಗ ಅಂಕಿಗಳಿಗೆ ಬರೋಣ. ಶುದ್ಧ ಕಬ್ಬಿಣ ಮೆತ್ತಗೆ. ಅದಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಚಾಕುವಿನ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 1.5ರವರೆಗೆ. ಶೇ. 2 ದಾಟಿದರೆ ಅದು ಎರಕದ ಕಬ್ಬಿಣದ ಕಡೆಗೆ ಹೋಗುತ್ತದೆ, ಬಡಿದರೆ ಸೀಳುತ್ತದೆ. ಬಹಳ ಸಣ್ಣ ಪ್ರಮಾಣ, ಅಲ್ವಾ? ಆದರೆ ಹರಿತದ ಆಟವೆಲ್ಲ ಇದರಲ್ಲೇ ಇದೆ.

ಇಂಗಾಲ ಸೇರಿಸಿದ ಮಾತ್ರಕ್ಕೆ ಉಕ್ಕು ಗಟ್ಟಿಯಾಗುವುದಿಲ್ಲ, ಬೆಂಕಿಗೆ ಹಾಕಬೇಕು. ಸಾದಾ ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿಗೆ ಕಾಯಿಸಿದಾಗ ಒಳಗಿನ ಕಬ್ಬಿಣದ ಪರಮಾಣುಗಳು ಜೋಡಣೆ ಬದಲಿಸುತ್ತವೆ. ಆ ಹೊಸ ಜೋಡಣೆಯ ಸಂದುಗಳಲ್ಲಿ ಇಂಗಾಲ ಆರಾಮಾಗಿ ಕೂರುತ್ತದೆ. ಕೆಂಪಗೆ ಕಾದ ಅಲಗಿಗೆ ಅಯಸ್ಕಾಂತ ಅಂಟುವುದೂ ನಿಂತುಹೋಗುತ್ತದೆ. ಕಬ್ಬಿಣ 770 ಡಿಗ್ರಿ ದಾಟಿದರೆ ಆ ಗುಣ ಕಳೆದುಕೊಳ್ಳುತ್ತದೆ. ಥರ್ಮಾಮೀಟರ್ ಇಲ್ಲದೆ ಕೆಲಸ ಮಾಡುವವರು ಅಯಸ್ಕಾಂತ ತಾಗಿಸಿಯೇ ಶಾಖದ ಅಂದಾಜು ಮಾಡುತ್ತಾರೆ. ಆಗ ಅಲಗನ್ನು ಎಣ್ಣೆಗೋ ನೀರಿಗೋ ಅದ್ದಿದರೆ, ಪರಮಾಣುಗಳು ಹಳೆಯ ಜೋಡಣೆಗೆ ಮರಳಲು ನೋಡುತ್ತವೆ. ಆದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಅದು ಒಳಗೇ ಸಿಕ್ಕಿಕೊಂಡು ಸುತ್ತಲಿನ ಜೋಡಣೆಯನ್ನೆಲ್ಲ ಬಿಗಿಯಾಗಿಸುತ್ತದೆ. ಉಕ್ಕು ಗಟ್ಟಿಯಾಗುವುದು ಹೀಗೆ.

ಆದರೆ ಈ ಹಂತದ ಅಲಗು ಕೈ ಜಾರಿ ಬಿದ್ದರೆ ಗಾಜಿನ ಥರ ಒಡೆಯುವುದೂ ಉಂಟು. ಅದಕ್ಕೆ ಮತ್ತೆ ಹದ ಮಾಡಬೇಕು. 150ರಿಂದ 250 ಡಿಗ್ರಿಗೆ ಇನ್ನೊಮ್ಮೆ ಕಾಯಿಸಿದರೆ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಗಟ್ಟಿತನ ಸ್ವಲ್ಪ ಹೋಗುತ್ತದೆ, ತಾಳಿಕೆ ಬರುತ್ತದೆ.

ಚಾಕು ಮಾಡುವವರೆಲ್ಲ ಮಾಡುವುದು ಇದೇ ಚೌಕಾಸಿ. ಗಟ್ಟಿತನ ಜಾಸ್ತಿಯಾದರೆ ಅಂಚು ಬಗ್ಗುವುದಿಲ್ಲ, ಹರಿತ ಬಹಳ ದಿನ ಉಳಿಯುತ್ತದೆ, ಆದರೆ ಚಕ್ಕೆ ಏಳುವ ಭಯ. ತಾಳಿಕೆ ಜಾಸ್ತಿಯಾದರೆ ಚಕ್ಕೆ ಏಳುವುದಿಲ್ಲ, ಆದರೆ ಅಂಚು ಬೇಗ ಮಡಚಿಕೊಳ್ಳುತ್ತದೆ. ಎರಡೂ ಪೂರ್ತಿಯಾಗಿ ಇರುವ ಉಕ್ಕು ಇಲ್ಲ.

ಎಚ್‌ಆರ್‌ಸಿ ಅನ್ನುವುದು ಆ ಗಟ್ಟಿತನದ ಅಳತೆ. ರಾಕ್‌ವೆಲ್ ಪರೀಕ್ಷೆಯ 'ಸಿ' ಮಾಪಕ. ಶಂಕುವಿನ ಆಕಾರದ ವಜ್ರದ ತುದಿಯನ್ನು 150 ಕಿಲೋ ಬಲದಿಂದ ಉಕ್ಕಿಗೆ ಒತ್ತಿ, ಕುಳಿ ಎಷ್ಟು ಆಳ ಬಿತ್ತು ಅಂತ ಅಳೆಯುತ್ತಾರೆ. ಪ್ರತಿ 0.002 ಮಿಲಿಮೀಟರ್ ಆಳಕ್ಕೆ 100ರಿಂದ ಒಂದು ಅಂಕ ಕಳೆಯುತ್ತಾರೆ. ಅಂಕ ದೊಡ್ಡದಾದಷ್ಟೂ ಉಕ್ಕು ಗಟ್ಟಿ. ಯುರೋಪಿನ ಮಾದರಿಯ ಅಡುಗೆ ಚಾಕುಗಳು ಸಾಮಾನ್ಯವಾಗಿ 54ರಿಂದ 58ರ ಆಸುಪಾಸು, ಜಪಾನಿನ ಮಾದರಿಯವು ಹೆಚ್ಚಾಗಿ 60ರಿಂದ ಮೇಲೆ. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ. 62 ಬಂದದ್ದು 56ಕ್ಕಿಂತ ಒಳ್ಳೆಯದು ಅನ್ನುವ ಹಾಗಿಲ್ಲ. ಮೂಳೆ, ಗಟ್ಟಿ ಬೀಜ, ಹೆಪ್ಪುಗಟ್ಟಿದ ಮಾಂಸಕ್ಕೆ 62ರ ತೆಳು ಅಲಗು ಹಾಕಿದರೆ ಅಂಚಿನಿಂದ ಚೂರು ಹಾರುತ್ತದೆ.

## ತುಕ್ಕು ಹಿಡಿಯದಿರುವುದು ಹೇಗೆ?

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಿದ್ದರು. ಶೇ. 12.8ರಷ್ಟು ಕ್ರೋಮಿಯಂ ಹಾಕಿದ ಒಂದು ಉಕ್ಕು ಆಸಿಡ್‌ಗೂ ಜಗ್ಗಲಿಲ್ಲ. ಶೆಫೀಲ್ಡ್ ಆಗಲೇ ಚಾಕುಗಳಿಗೆ ಹೆಸರಾದ ಊರು. ಇದು ಚಾಕುವಿಗೆ ಆಗುತ್ತದೆ ಅಂತ ಅವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಉಕ್ಕಿನಲ್ಲಿ ಕ್ರೋಮಿಯಂ ಶೇ. 10.5 ದಾಟಿದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ (ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲಿ ಒಂದು ಭಾಗ). ನೀರು, ಗಾಳಿ ಒಳಗೆ ಹೋಗುವುದಿಲ್ಲ. ಗೀರು ಬಿದ್ದರೂ ಪೊರೆ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಉಪ್ಪು ಮತ್ತು ಬ್ಲೀಚ್‌ನಲ್ಲಿರುವ ಕ್ಲೋರಿನ್ ಅಂಶ ಈ ಪೊರೆಯನ್ನು ಅಲ್ಲಲ್ಲಿ ಚುಚ್ಚಬಲ್ಲದು. ಸ್ಟೇನ್‌ಲೆಸ್ ಚಾಕುವಿನ ಮೇಲೂ ಕಪ್ಪು ಚುಕ್ಕೆ ಬೀಳುವುದು ಇದರಿಂದ.

ಹಾಗಾದರೆ ಚಮಚದ ಸ್ಟೀಲಿನಲ್ಲೇ ಚಾಕು ಮಾಡಬಾರದೇಕೆ? ಚಮಚಕ್ಕೆ ಬಳಸುವುದು ಹೆಚ್ಚಾಗಿ 18/8 ಉಕ್ಕು, ಅಂದರೆ ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. ಅದಕ್ಕೆ ತುಕ್ಕು ಹಿಡಿಯುವುದು ಬಹಳ ಅಪರೂಪ. ಆದರೆ ಅದರಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ, ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಚಾಕುವಿಗೆ ಇಂಗಾಲವೂ ಬೇಕು, ಕ್ರೋಮಿಯಂ ಕೂಡ ಬೇಕು. ತೊಂದರೆ ಏನೆಂದರೆ ಇಂಗಾಲ ಕ್ರೋಮಿಯಂನ ಒಂದು ಪಾಲನ್ನು ತನ್ನ ಜೊತೆ ಕಟ್ಟಿಹಾಕುತ್ತದೆ, ಪೊರೆಗೆ ಉಳಿಯುವುದು ಕಡಿಮೆಯಾಗುತ್ತದೆ. 'ಹೈ ಕಾರ್ಬನ್ ಸ್ಟೇನ್‌ಲೆಸ್' ಅನ್ನುವ ಚೀಟಿಯ ಹಿಂದೆ ಇರುವುದು ಈ ಎರಡರ ನಡುವಿನ ರಾಜಿ. ಸಾದಾ ಇಂಗಾಲದ ಉಕ್ಕಿನ ಚಾಕು ತುಂಬಾ ಹರಿತವಾಗುತ್ತದೆ, ಸಾಣೆಗೂ ಬೇಗ ಬಗ್ಗುತ್ತದೆ. ಆದರೆ ನಿಂಬೆರಸ ತಾಗಿಸಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ.

'ಡಮಾಸ್ಕಸ್' ಅಂತ ಈಗ ಮಾರುವ ಅಡುಗೆ ಚಾಕುಗಳ ಅಲೆ ಅಲೆ ಚಿತ್ತಾರ ಬೇರೆ ಬೇರೆ ಉಕ್ಕಿನ ಪದರಗಳನ್ನು ಬೆಸೆದು, ಆಸಿಡ್‌ನಲ್ಲಿ ಅದ್ದಿ ಮೂಡಿಸಿದ್ದು. ನೋಡಲು ಚಂದ. ಆದರೆ ಇಂಥ ಬಹುತೇಕ ಚಾಕುಗಳಲ್ಲಿ ಕತ್ತರಿಸುವುದು ನಡುವೆ ಇರುವ ಒಂದೇ ಒಂದು ಪದರ. ಉಳಿದ 66 ಪದರ ನೋಡಿಕೊಂಡಿರುತ್ತವೆ.

## ಎಷ್ಟು ಡಿಗ್ರಿ?

ಅಂಚಿನ ಎರಡು ಇಳಿಜಾರುಗಳು ಎಷ್ಟು ಕಡಿದಾಗಿವೆ ಅನ್ನುವುದೇ ಕೋನ. ಅಡುಗೆ ಚಾಕುವಿಗೆ ಒಂದೊಂದು ಕಡೆ 15ರಿಂದ 20 ಡಿಗ್ರಿ ಸಾಮಾನ್ಯ. ಕಡಿಯುವ ದಪ್ಪ ಅಲಗುಗಳಿಗೆ 25 ಅಥವಾ ಇನ್ನೂ ಜಾಸ್ತಿ. ಕೋನ ಕಿರಿದಾದಷ್ಟೂ ಅಲಗು ವಸ್ತುವನ್ನು ಅಗಲಿಸಿ ಒಳಗೆ ಹೋಗಲು ಬೇಕಾದ ಬಲ ಕಡಿಮೆ. ಆದರೆ ಅಂಚಿನ ಹಿಂದೆ ಆಸರೆಯಾಗಿ ನಿಲ್ಲುವ ಉಕ್ಕೂ ಕಡಿಮೆ. ಗಟ್ಟಿ ಉಕ್ಕು ಮಾತ್ರ ಕಿರಿದಾದ ಕೋನವನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಎಚ್‌ಆರ್‌ಸಿ ಮತ್ತು ಡಿಗ್ರಿ ಎರಡನ್ನೂ ಒಟ್ಟಿಗೇ ಓದಬೇಕು. 60ರ ಉಕ್ಕಿಗೆ 15 ಡಿಗ್ರಿ ಹೊಂದುತ್ತದೆ. 54ರ ಉಕ್ಕಿಗೆ ಅಷ್ಟು ಕಿರಿದಾಗಿ ಸಾಣೆ ಹಿಡಿದರೆ ಮೊದಲ ದಿನ ಅದ್ಭುತ, ವಾರದೊಳಗೆ ಮಡಚಿಕೊಂಡಿರುತ್ತದೆ. ಮೊದಲು ಹೇಳಿದ ಇಬ್ಬರು ಗಿರಾಕಿಗಳ ಜಗಳಕ್ಕೆ ಇದೂ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ, ಅವರು ಯಾವುದರ ಮೇಲೆ ಇಟ್ಟು ಹೆಚ್ಚುತ್ತಿದ್ದಾರೆ ಅನ್ನುವುದು.

## ಮೊಂಡಾಗುವುದು ಅಂದರೆ ಏನಾಗುವುದು?

ಜನ ಅಂದುಕೊಳ್ಳುವುದು ಅಂಚು ಸವೆದುಹೋಗುತ್ತದೆ ಅಂತ. ಸವೆಯುವುದು ನಿಜ, ಆದರೆ ಅಡುಗೆಮನೆಯಲ್ಲಿ ಮೊದಲು ಆಗುವುದು ಬೇರೆ. ಪುಸ್ತಕದ ಹಾಳೆಯ ಮೂಲೆ ಮಡಚಿಕೊಂಡ ಹಾಗೆ ಅಂಚು ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಉಕ್ಕು ಅಲ್ಲೇ ಇರುತ್ತದೆ, ಮುಖ ಮಾತ್ರ ತಿರುಗಿರುತ್ತದೆ. ತೀರಾ ಗಟ್ಟಿ ಉಕ್ಕಾದರೆ ಮಡಚುವ ಬದಲು ಸಣ್ಣ ಚಕ್ಕೆ ಎದ್ದುಹೋಗುತ್ತದೆ. ಹುಳಿ, ಉಪ್ಪಿನ ತೇವ ಹಾಗೇ ಉಳಿದರೆ ಅಷ್ಟು ತೆಳು ಅಂಚನ್ನು ತುಕ್ಕು ಕೂಡ ತಿನ್ನುತ್ತದೆ, ಅದೂ ಕಣ್ಣಿಗೆ ಕಾಣುವ ಮೊದಲೇ.

ಇನ್ನೊಂದು ಕುತೂಹಲದ ಸಂಗತಿ ಇದೆ. ಗಡ್ಡದ ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಹಾಗಿದ್ದೂ ಕ್ಷೌರದ ಬ್ಲೇಡು ಮೊಂಡಾಗುತ್ತದಲ್ಲ, ಯಾಕೆ? ಅಮೆರಿಕದ ಎಂಐಟಿಯ ಸಂಶೋಧಕರು ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೇ ಇಟ್ಟು ಕೂದಲು ಕತ್ತರಿಸಿ ನೋಡಿ, 2020ರಲ್ಲಿ ಉತ್ತರ ಕೊಟ್ಟರು. ಕೂದಲು ನೆಟ್ಟಗೆ ನಿಂತಿದ್ದರೆ ಬ್ಲೇಡಿಗೆ ಏನೂ ಆಗಲಿಲ್ಲ. ಕೂದಲು ಬಗ್ಗಿ, ಓರೆಯಾಗಿ ತಾಗಿದಾಗ ಅಂಚಿನ ಕೆಲವು ಕಡೆ ಚಕ್ಕೆ ಎದ್ದಿತು. ಉಕ್ಕು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಚೂರು ಸ್ವಲ್ಪ ಗಟ್ಟಿ, ಪಕ್ಕದ ಚೂರು ಸ್ವಲ್ಪ ಮೆತ್ತಗೆ. ಇವೆರಡೂ ಸೇರುವ ಜಾಗ ಅಂಚಿಗೆ ಬಂದು, ಕೂದಲು ಅಲ್ಲೇ ಓರೆಯಾಗಿ ತಾಗಿದರೆ ಉಕ್ಕು ಸೋಲುತ್ತದೆ.

ಇದರಿಂದ ಬಳಕೆಗೆ ಸಿಗುವ ಪಾಠ ಸರಳ: ಅಂಚಿಗೆ ಪಕ್ಕದ ಬಲ ಒಳ್ಳೆಯದಲ್ಲ. ಹೆಚ್ಚಿದ ತರಕಾರಿಯನ್ನು ಚಾಕುವಿನ ಅಂಚಿನಿಂದಲೇ ಹಲಗೆಯ ಮೇಲೆ ಗೋರಿ ಸರಿಸುತ್ತೇವಲ್ಲ, ಅದು ಅಂಚಿಗೆ ಹೆಚ್ಚುವುದಕ್ಕಿಂತ ದೊಡ್ಡ ಹೊಡೆತ. ಚಾಕುವನ್ನು ತಿರುಗಿಸಿ ಬೆನ್ನಿನಿಂದ ಸರಿಸಿದರೆ ಆಯಿತು. ಗಾಜಿನ ಹಲಗೆ, ಪಿಂಗಾಣಿ ತಟ್ಟೆ, ಗ್ರಾನೈಟ್ ಕಟ್ಟೆ ಇವುಗಳ ಮೇಲೆ ಹೆಚ್ಚಲೇಬಾರದು. ಗ್ರಾನೈಟ್‌ನಲ್ಲಿರುವ ಬೆಣಚು ಕಲ್ಲಿನ ಹರಳು ಚಾಕುವಿನ ಉಕ್ಕಿಗಿಂತ ಗಟ್ಟಿ. ಪ್ರತಿ ಏಟಿಗೂ ಸೋಲುವುದು ಅಂಚೇ. ಮರ ಅಥವಾ ಮೆತ್ತಗಿನ ಪ್ಲಾಸ್ಟಿಕ್ ಹಲಗೆ ಅಂಚಿಗೆ ಸ್ವಲ್ಪ ಜಾಗ ಬಿಟ್ಟುಕೊಡುತ್ತದೆ.

ಮೊಂಡಾಗುವ ಸಮಸ್ಯೆಗೆ ಎಲ್ಲಕ್ಕಿಂತ ನೇರವಾದ ಪರಿಹಾರ ಹುಡುಕಿದವರು ಜಪಾನಿನ ಯೋಶಿಯೊ ಒಕಾಡ. ಕಾಗದ ಕತ್ತರಿಸುವ ಕೆಲಸದಲ್ಲಿದ್ದ ಅವರು 1956ರಲ್ಲಿ, ಗೆರೆ ಹಾಕಿದ ಚಾಕೊಲೇಟ್ ಪಟ್ಟಿಯನ್ನು ತುಂಡು ತುಂಡಾಗಿ ಮುರಿಯುವುದನ್ನು ನೆನೆದು, ಮೊಂಡಾದ ತುದಿಯನ್ನು ಮುರಿದು ಎಸೆಯುವ ಕಟ್ಟರ್ ಮಾಡಿದರು. ಸ್ಟೇಷನರಿ ಅಂಗಡಿಗಳಲ್ಲಿ ಇವತ್ತು ಸಿಗುವ ಜಾರುವ ಕಟ್ಟರ್ ಅದೇ.

## ಸಾಣೆ ಹಿಡಿಯುವುದು

ಉಳಿದ ಚಾಕುಗಳಿಗೆ ಸಾಣೆಯೇ ಗತಿ. ಸಾಣೆ ಹಿಡಿಯುವುದು ಅಂದರೆ ಎರಡೂ ಇಳಿಜಾರನ್ನು ಕಲ್ಲಿನಿಂದ ಉಜ್ಜಿ, ಕೆಟ್ಟ ಉಕ್ಕನ್ನು ತೆಗೆದು, ಹೊಸ ಗೆರೆಯಲ್ಲಿ ಅವೆರಡೂ ಮತ್ತೆ ಸೇರುವ ಹಾಗೆ ಮಾಡುವುದು. ಕಲ್ಲಿನ ಮೇಲಿನ ಅಂಕಿ ಅದರ ಹರಳು ಎಷ್ಟು ಸಣ್ಣದು ಅಂತ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಹರಳು ನಯ. 400 ಚಕ್ಕೆ ಎದ್ದ ಅಂಚಿಗೆ, 1000 ಮಾಮೂಲಿ ಮೊಂಡಿಗೆ, 3000ರಿಂದ ಮೇಲೆ ನಯ ಮಾಡುವುದಕ್ಕೆ. ಮನೆಗೆ ಒಂದೇ ಕಲ್ಲು ಸಾಕು ಅನ್ನುವವರಿಗೆ 1000ದ್ದು ಸರಿಹೋಗುತ್ತದೆ.

ಎಲ್ಲರೂ ಹೆದರುವುದು ಕೋನಕ್ಕೆ. 15 ಡಿಗ್ರಿ ಅಂತ ಕೈಗೆ ಹೇಗೆ ಗೊತ್ತಾಗಬೇಕು? ಒಂದು ಸುಲಭ ಲೆಕ್ಕ ಇದೆ. ಅಲಗಿನ ಅಗಲ 4 ಸೆಂಟಿಮೀಟರ್ ಇದ್ದರೆ, ಅಂಚು ಕಲ್ಲಿಗೆ ತಾಗಿರುವಾಗ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್ ಎತ್ತಿದರೆ ಸುಮಾರು 15 ಡಿಗ್ರಿ. 1.4 ಸೆಂಟಿಮೀಟರ್ ಎತ್ತಿದರೆ ಸುಮಾರು 20. ಇನ್ನೂ ಅನುಮಾನ ಇದ್ದರೆ ಅಂಚಿನ ಹೊಳೆಯುವ ಪಟ್ಟಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಎರಡು ಸಲ ಉಜ್ಜಿ ನೋಡಿ. ಬಣ್ಣ ಪೂರ್ತಿ ಹೋದರೆ ಕೋನ ಸರಿ. ಅಂಚಿನ ತುದಿಯಲ್ಲಿ ಮಾತ್ರ ಹೋದರೆ ಬೆನ್ನು ಜಾಸ್ತಿ ಎತ್ತಿದ್ದೀರಿ. ಮೇಲ್ಗಡೆ ಮಾತ್ರ ಹೋದರೆ ಸಾಲದು, ಇನ್ನೂ ಎತ್ತಬೇಕು.

ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಒಂದೇ ಕೋನದಲ್ಲಿ ಹಿಡಿದು, ಹಗುರವಾಗಿ ಒತ್ತಿ ಹಿಂದೆ ಮುಂದೆ ಉಜ್ಜುತ್ತಾ ಹೋಗಿ. ಬೂದು ಬಣ್ಣದ ನೀರು ಏಳುತ್ತದೆ, ಅದು ಉಕ್ಕಿನ ಪುಡಿ. ಸ್ವಲ್ಪ ಹೊತ್ತಿನ ಮೇಲೆ ಅಲಗಿನ ಇನ್ನೊಂದು ಮಗ್ಗುಲಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಅಂಚಿನ ಆಚೆಗೆ ಮೆಲ್ಲಗೆ ಸವರಿ. ಅಂಚಿನ ಉದ್ದಕ್ಕೆ ಯಾವತ್ತೂ ಸವರಬಾರದು. ಒಂದು ಸಣ್ಣ ತರಿ ಬೆರಳಿಗೆ ತಡೆದಂತೆ ಅನಿಸುತ್ತದೆ. ಅದಕ್ಕೆ ಬರ್ ಅನ್ನುತ್ತಾರೆ. ಇಳಿಜಾರು ಅಂಚಿನವರೆಗೆ ತಲುಪಿ, ತೆಳುವಾದ ಉಕ್ಕು ಆಚೆ ಕಡೆಗೆ ಮಗುಚಿದೆ ಅನ್ನುವುದಕ್ಕೆ ಅದೇ ಗುರುತು. ಮೊನೆಯಿಂದ ಹಿಡಿಯವರೆಗೂ ಬರ್ ಸಿಗುವತನಕ ಆ ಮಗ್ಗುಲು ಮುಗಿದಿಲ್ಲ. ಬಹುತೇಕರು ಸೋಲುವುದು ಇಲ್ಲಿಯೇ. ಎಣಿಸಿ ಇಪ್ಪತ್ತು ಸಲ ಉಜ್ಜಿ ಮಗ್ಗುಲು ಬದಲಿಸುತ್ತಾರೆ. ಎಣಿಕೆಗೆ ಅರ್ಥವಿಲ್ಲ, ಬರ್ ಬಂತಾ ಅನ್ನುವುದಷ್ಟೇ ಮುಖ್ಯ.

ಇನ್ನೊಂದು ಮಗ್ಗುಲಲ್ಲೂ ಹಾಗೇ ಮಾಡಿದರೆ ಬರ್ ಈ ಕಡೆಗೆ ಮಗುಚುತ್ತದೆ. ಆಮೇಲೆ ಒತ್ತಡ ಕಡಿಮೆ ಮಾಡುತ್ತಾ, ಮಗ್ಗುಲು ಬದಲಿಸುತ್ತಾ ಮೆಲ್ಲಗೆ ಉಜ್ಜಿದರೆ ಅದು ಕಿತ್ತುಹೋಗುತ್ತದೆ. ಕೊನೆಗೆ ಚರ್ಮದ ಪಟ್ಟಿಯ ಮೇಲೆ, ಬೆನ್ನು ಮುಂದಾಗಿ, ಹತ್ತಾರು ಸಲ ಎಳೆದರೆ ಇನ್ನೂ ಚೊಕ್ಕ. ಬರ್ ಉಳಿದ ಚಾಕು ಮೋಸಗಾರ. ಮೊದಲ ಟೊಮೇಟೊಗೆ ಅದು ತುಂಬಾ ಹರಿತ, ಐದನೆಯದಕ್ಕೆ ಬರ್ ಮಡಚಿಕೊಂಡು ಮತ್ತೆ ಮೊಂಡು.

ವೇಗವಾಗಿ ತಿರುಗುವ ಯಂತ್ರದ ಚಕ್ರಕ್ಕೆ ಒಣಗಿದ ಅಲಗು ಕೊಡುವಾಗ ಹುಷಾರು. ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ ಎಂದರ್ಥ, ಅಂದರೆ ಹದ ಮಾಡಿದ ಶಾಖಕ್ಕಿಂತ ಜಾಸ್ತಿ. ಅಷ್ಟು ಜಾಗದ ಗಟ್ಟಿತನ ಹೋಯಿತು. ಎಷ್ಟೇ ಹರಿತ ಮಾಡಿದರೂ ಆ ಭಾಗ ಸವೆದು ಹೋಗುವವರೆಗೆ ಬೇಗ ಬೇಗ ಮೊಂಡಾಗುತ್ತಲೇ ಇರುತ್ತದೆ.

ಇನ್ನು ಹೋಟೆಲ್ ಅಡುಗೆಯವರು ಸರ್ರನೆ ಚಾಕು ಉಜ್ಜುವ ಉದ್ದನೆಯ ಸ್ಟೀಲ್ ಕಡ್ಡಿ. ಅದು ಸಾಣೆ ಅಲ್ಲ. ಮಡಚಿಕೊಂಡ ಅಂಚನ್ನು ಮತ್ತೆ ನೆಟ್ಟಗೆ ಮಾಡುವುದೇ ಅದರ ಮುಖ್ಯ ಕೆಲಸ, ಸ್ವಲ್ಪ ಉಕ್ಕನ್ನೂ ಸವೆಸುತ್ತದೆ. ಎಚ್‌ಆರ್‌ಸಿ 56ರಂಥ ಮೆತ್ತಗಿನ ಉಕ್ಕಿಗೆ ಇದು ತುಂಬಾ ಉಪಯೋಗ. ದಿನಾ ನಾಲ್ಕು ಸಲ ಎಳೆದರೆ ಕಲ್ಲಿನ ಅಗತ್ಯ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. 60 ದಾಟಿದ ಉಕ್ಕಿಗೆ ಗೀರುಳ್ಳ ಸ್ಟೀಲ್ ಕಡ್ಡಿ ಬೇಡ, ಅಂಚಿನ ಚಕ್ಕೆ ಏಳಬಹುದು. ಅದಕ್ಕೆ ನಯವಾದ ಸೆರಾಮಿಕ್ ಕಡ್ಡಿ ವಾಸಿ.

## ಹರಿತವಾದದ್ದು ಅಪಾಯವೋ, ಮೊಂಡಾದದ್ದೋ?

ಮೊಂಡು ಚಾಕುವೇ ಅಪಾಯ ಅನ್ನುವ ಮಾತು ಕೇಳಿರುತ್ತೀರಿ. ಅರ್ಧ ನಿಜ. ಮೊಂಡು ಅಂಚು ವಸ್ತುವಿನೊಳಗೆ ಹೋಗದೆ ಮೇಲೆ ಜಾರುತ್ತದೆ, ನಾವು ಜಾಸ್ತಿ ಬಲ ಹಾಕಿರುತ್ತೇವೆ, ಜಾರಿದಾಗ ಆ ಬಲವೆಲ್ಲ ಕೈ ಕಡೆಗೆ. ಆದರೆ ಹೊಸದಾಗಿ ಸಾಣೆ ಹಿಡಿದ ಚಾಕುವೂ ಸುಮ್ನೆ ಬಿಡುವುದಿಲ್ಲ. ಹಳೆಯ ಅಭ್ಯಾಸದಲ್ಲಿ ಕೈ ಜೋರಾಗಿಯೇ ಒತ್ತುತ್ತದೆ. ಮೊದಲ ಎರಡು ದಿನ ನಿಧಾನ ಇರಲಿ. ತರಕಾರಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಅಲಗಿನ ಮಗ್ಗುಲು ಗೆಣ್ಣಿಗೆ ಒರಗುವಂತೆ ಹಿಡಿದರೆ ಉಗುರು ಉಳಿಯುತ್ತದೆ. ನೊರೆ ತುಂಬಿದ ಸಿಂಕಿನಲ್ಲಿ ಚಾಕು ಬಿಡಬೇಡಿ. ಕೈ ಜಾರಿ ಬೀಳುವ ಚಾಕುವನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದೆ ತೆಗೆದು ಬೀಳಲು ಬಿಡಿ.

## ಉಕ್ಕೇ ಇಲ್ಲದ ಚಾಕುಗಳು

ಬಿಳಿ ಬಣ್ಣದ ಸೆರಾಮಿಕ್ ಚಾಕು ನೋಡಿರಬಹುದು. ಅದು ಜಿರ್ಕೋನಿಯಾ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಟ್ಟು ಮಾಡಿದ್ದು. ಉಕ್ಕಿಗಿಂತ ತುಂಬಾ ಗಟ್ಟಿ, ತುಕ್ಕಿನ ಮಾತೇ ಇಲ್ಲ. ಆದರೆ ಚೌಕಾಸಿಯಲ್ಲಿ ತಾಳಿಕೆಯನ್ನು ಪೂರ್ತಿ ಬಿಟ್ಟುಕೊಟ್ಟಿದೆ. ಬಿದ್ದರೆ ಮೊನೆ ಮುರಿಯುತ್ತದೆ. ಸಾಣೆಗೆ ವಜ್ರದ ಪುಡಿ ಹಚ್ಚಿದ ಕಲ್ಲೇ ಬೇಕು.

ಅಬ್ಸಿಡಿಯನ್ ಅನ್ನುವುದು ಜ್ವಾಲಾಮುಖಿಯ ಗಾಜು. ಅದರಲ್ಲಿ ಹರಳುಗಳ ಗಡಿಗಳೇ ಇಲ್ಲ, ಹಾಗಾಗಿ ಒಡೆದಾಗ ಅಂಚು ಕೆಲವೇ ನ್ಯಾನೋಮೀಟರ್ ದಪ್ಪದವರೆಗೆ ತೆಳುವಾಗುತ್ತದೆ. ಸ್ಟೀಲ್ ಅಲಗು ಆ ಮಟ್ಟಕ್ಕೆ ಬರುವುದಿಲ್ಲ. ಹರಿತ ಒಂದೇ ಸಾಕಾಗಿದ್ದರೆ ನಾವು ಕಲ್ಲಿನ ಯುಗ ಬಿಟ್ಟು ಬರಬೇಕಾಗಿಯೇ ಇರಲಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಒಳಭಾಗ ನೋಡಬೇಕಾದರೆ 50ರಿಂದ 100 ನ್ಯಾನೋಮೀಟರ್ ದಪ್ಪದ ಹೋಳು ಬೇಕು. 70 ನ್ಯಾನೋಮೀಟರ್ ಲೆಕ್ಕ ಹಿಡಿದರೆ, ಒಂದು ತಲೆಕೂದಲಿನ ದಪ್ಪದಲ್ಲಿ ಸಾವಿರ ಹೋಳು ತೆಗೆದ ಹಾಗೆ. ಇದಕ್ಕೆ ಬಳಸುವುದು ವಜ್ರದ ಚಾಕು. ವೆನೆಜುವೆಲಾದ ವಿಜ್ಞಾನಿ ಉಂಬೆರ್ತೊ ಫೆರ್ನಾಂಡೆಸ್ ಮೊರಾನ್ 1950ರ ದಶಕದಲ್ಲಿ ಅದನ್ನು ರೂಪಿಸಿದರು.

ಇನ್ನು ಗಾಮಾ ನೈಫ್. ಅದರಲ್ಲಿ ಅಲಗೇ ಇಲ್ಲ. ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್ ಮತ್ತು ಜೊತೆಗಾರರು 1960ರ ದಶಕದ ಕೊನೆಯಲ್ಲಿ ತಯಾರಿಸಿದ ಈ ಯಂತ್ರ, ಮಿದುಳಿನ ಗೆಡ್ಡೆಗಳ ಮೇಲೆ ಸುತ್ತಲಿನಿಂದ ಗಾಮಾ ಕಿರಣ ಹಾಯಿಸುತ್ತದೆ. ಕೋಬಾಲ್ಟ್-60ರಿಂದ ಬರುವ ಸುಮಾರು 200 ಕಿರಣಗಳು. ಒಂದೊಂದೂ ದುರ್ಬಲ, ದಾರಿಯಲ್ಲಿ ಸಿಗುವ ಮಿದುಳಿಗೆ ಹೆಚ್ಚು ಹಾನಿ ಮಾಡುವುದಿಲ್ಲ. ಎಲ್ಲವೂ ಸೇರುವ ಒಂದು ಪುಟ್ಟ ಜಾಗದಲ್ಲಿ ಮಾತ್ರ ಅವುಗಳ ಪೆಟ್ಟು ಗೆಡ್ಡೆಯ ಕೋಶಗಳನ್ನು ಕೊಲ್ಲುವಷ್ಟು ಜೋರಾಗುತ್ತದೆ. ತಲೆಬುರುಡೆ ತೆರೆಯಬೇಕಾಗಿಲ್ಲ, ಹೊಲಿಗೆ ಹಾಕಬೇಕಾಗಿಲ್ಲ. ರೋಗಿ ಹೆಚ್ಚಾಗಿ ಅದೇ ದಿನ ಅಥವಾ ಮಾರನೇ ದಿನ ಮನೆಗೆ ಹೋಗುತ್ತಾರೆ.